ಸೀಟಿನ ಬೆಲೆ, ಸಾಲದ ಪತ್ರ

ಎಂಬತ್ತರ ದಶಕದ ಕೊನೆಯಲ್ಲಿ ಪಿಯುಸಿ ಮುಗಿಸಿದವರಿಗೆ ಫಲಿತಾಂಶ ಬಂದ ನಂತರದ ಆ ಕೆಲವು ವಾರಗಳು ಚೆನ್ನಾಗಿ ನೆನಪಿರುತ್ತವೆ. ಮನೆಯ ಪಡಸಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಂದೇ ವಿಚಾರಣೆ: ಸೀಟು ಸಿಕ್ಕಿತೇ, ಡೊನೇಷನ್ ಎಷ್ಟು ಕೇಳಿದರು? ಆ ಹಣಕ್ಕೆ ರಸೀದಿ ಇರುತ್ತಿರಲಿಲ್ಲ. ಹೊಲ ಮಾರಿದ, ಒಡವೆ ಅಡ ಇಟ್ಟ ಸುದ್ದಿಗಳು ತಗ್ಗಿದ ದನಿಯಲ್ಲಿ ಹರಿದಾಡುತ್ತಿದ್ದವು. ಕೊಟ್ಟವರು ಹೇಳಿಕೊಳ್ಳುತ್ತಿರಲಿಲ್ಲ, ತೆಗೆದುಕೊಂಡವರು ಒಪ್ಪಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅದು ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. 1984ರಷ್ಟು ಹಿಂದೆಯೇ ಕರ್ನಾಟಕ ಈ ಡೊನೇಷನ್ನನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸಿ ಕಾನೂನು ಮಾಡಿತ್ತು. ಇಂದು ಅದರ ಹಲವು ಪಟ್ಟು ಹಣವನ್ನು ರಸೀದಿ ಸಮೇತ, ಬ್ಯಾಂಕಿನ ಸಾಲದ ಪತ್ರಕ್ಕೆ ಸಹಿ ಹಾಕಿ ಕಟ್ಟುತ್ತೇವೆ, ಮತ್ತು ಅದನ್ನು ಸಹಜವೆಂದು ಒಪ್ಪಿಕೊಂಡಿದ್ದೇವೆ. ವಿದ್ಯಾಸಾಲವನ್ನು ಮನ್ನಾ ಮಾಡಬೇಕೇ, ಕಾಲೇಜು ಉಚಿತವಾಗಬೇಕೇ ಎಂಬ ಚರ್ಚೆ ಈಗ ಮತ್ತೆ ಮತ್ತೆ ಏಳುತ್ತಿದೆ. ನಾಚಿಕೊಂಡು ಕೊಡುತ್ತಿದ್ದ ಹಣ ಹೆಮ್ಮೆಯಿಂದ ಮಾಡುವ ಸಾಲವಾದದ್ದು ಹೇಗೆಂದು ನೆನಪು ಮಾಡಿಕೊಳ್ಳದೆ ಅದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಸರ್ಕಾರಿ ಕಾಲೇಜು, ಅದರ ಹಾಸ್ಟೆಲ್ ಸಮೇತ, ಉಚಿತವಾಗಬೇಕು ಮತ್ತು ಅದು ಮೊದಲ ಕೆಲಸ. ಸಾಲ ಮನ್ನಾ ಅದರ ಹಿಂದೆ ಬರಬೇಕು, ನಿಜವಾಗಿ ನೊಂದವರಿಗೆ. ಇವೆರಡರ ಕ್ರಮ ತಿರುವುಮುರುವಾದರೆ ಸಾರ್ವಜನಿಕ ಹಣ ತಪ್ಪು ಜಾಗಕ್ಕೆ ಸೇರುತ್ತದೆ.

ಓದಿನ ಖರ್ಚನ್ನು ಊರು ಹೊರಬೇಕೆಂಬುದು ನಮ್ಮಲ್ಲಿ ಹೊಸ ವಿಚಾರವಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕಥೆಗಳು ಹಳೆಯ ಮೈಸೂರಿನ ಎಷ್ಟೋ ಆತ್ಮಕಥೆಗಳಲ್ಲಿ ಬರುತ್ತವೆ. ಅದನ್ನು ಹೊಗಳುವಾಗ ಒಂದು ಮಾತು ಬಿಡಬಾರದು. ಆ ಎಲೆಯ ಮುಂದೆ ಕೂರಲು ಹುಟ್ಟಿದ ಜಾತಿ ಅಡ್ಡಬಾರದಿದ್ದವರಿಗೆ ಮಾತ್ರ ಆ ಅನ್ನ ಸಿಗುತ್ತಿತ್ತು. ಉಳಿದವರು ತಮ್ಮ ದಾರಿಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಲಿಂಗಾಯತ ಮಠಗಳ ಉಚಿತ ಪ್ರಸಾದ ನಿಲಯಗಳು, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಮಾಡಿದ ಕೆಲಸ, ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಸಿಕ್ಕ ಅನ್ನ ಮತ್ತು ಅಕ್ಷರ ಎಲ್ಲವೂ ಆ ದಾರಿಗಳೇ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ವಿದ್ಯಾರ್ಥಿ ನಿಲಯಗಳನ್ನು ವಿಸ್ತರಿಸಿದಾಗ ಈ ಹೊಣೆಯ ದೊಡ್ಡ ಪಾಲು ರಾಜ್ಯದ ಹೆಗಲಿಗೆ ಬಂತು. ಈ ವರ್ಗಗಳ ಸ್ಥಿತಿಯನ್ನು ಅಧ್ಯಯನ ಮಾಡಿದ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ. ಅದರ ಹಿಂದುಮುಂದಿನ ವರ್ಷಗಳಲ್ಲಿ ಮನೆಯ ಮೊದಲ ಪದವೀಧರರಾಗಿ ಹೊರಬಂದ ತಲೆಮಾರು ಇಂದಿನ ಕರ್ನಾಟಕದ ಶಾಲೆ, ಕಚೇರಿ, ಆಸ್ಪತ್ರೆ, ಸಾಹಿತ್ಯ, ಚಳವಳಿ ಎಲ್ಲ ಕಡೆಗೂ ಹರಡಿತು. ಆ ತಲೆಮಾರಿನವರು ಬಡತನ ಕಂಡರು, ಹಾಸ್ಟೆಲ್ಲಿನ ಹುಳು ಬಿದ್ದ ಅಕ್ಕಿ ಕಂಡರು. ಆದರೆ ಓದು ಮುಗಿದ ದಿನ ಅವರ ಹೆಸರಿನಲ್ಲಿ ಬ್ಯಾಂಕಿನ ಬಾಕಿ ಇರಲಿಲ್ಲ. ಮೊದಲ ಸಂಬಳ ಮನೆಗೆ ಹೋಯಿತು, ತಮ್ಮ ತಂಗಿಯರ ಓದಿಗೆ ಹೋಯಿತು. ಉಚಿತ ಶಿಕ್ಷಣದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕೊಡಲು ನಮ್ಮಲ್ಲಿರುವ ಮೊದಲ ಪುರಾವೆ ಇದೇ.

ಅದೇ ಹೊತ್ತಿಗೆ ಇನ್ನೊಂದು ಧಾರೆಯೂ ಹರಿಯುತ್ತಿತ್ತು. ಮಣಿಪಾಲದಲ್ಲಿ 1953ರಲ್ಲೇ ಖಾಸಗಿ ವೈದ್ಯಕೀಯ ಕಾಲೇಜು ಶುರುವಾಗಿತ್ತು. ಎಂಬತ್ತರ ದಶಕದ ಹೊತ್ತಿಗೆ ಖಾಸಗಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಕರ್ನಾಟಕ ದೇಶಕ್ಕೇ ಹೆಸರಾಗಿ, ಉತ್ತರದ ರಾಜ್ಯಗಳಿಂದ ಹುಡುಗರು ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು. 1984ರ ಕಾನೂನು ಕ್ಯಾಪಿಟೇಷನ್ನನ್ನು ನಿಷೇಧಿಸಿತಾದರೂ ಶುಲ್ಕ ನಿಗದಿಪಡಿಸುವ ಅಧಿಕಾರವನ್ನು ಸರ್ಕಾರದ ಕೈಯಲ್ಲಿಟ್ಟಿತು. 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಸರ್ಕಾರಿ ಸೀಟು ಸಿಗದ ಕರ್ನಾಟಕದವರಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದಾಗ ಮೊದಲ ವರ್ಷದ 60,000 ರೂಪಾಯಿಯ ಜೊತೆಗೆ ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದರು. ಅಷ್ಟು ಶಕ್ತಿ ಆ ಮನೆಗಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರ ಜುಲೈ 30ರಂದು ನ್ಯಾಯಾಲಯ, ಶಿಕ್ಷಣ ಬದುಕುವ ಹಕ್ಕಿನೊಳಗೇ ಸೇರಿದೆ, ಕ್ಯಾಪಿಟೇಷನ್ ಶುಲ್ಕ ಎಂದರೆ ಶಿಕ್ಷಣವನ್ನು ಮಾರಾಟಕ್ಕಿಟ್ಟಂತೆ ಎಂದು ಹೇಳಿತು. ಆದರೆ ಮೋಹಿನಿ ಜೈನ್ ಅವರಿಗೆ ಸೀಟು ಕೊಡಿಸಲಿಲ್ಲ. ಅವರು ಅರ್ಹತಾ ಪಟ್ಟಿಯಲ್ಲಿರಲಿಲ್ಲ, ತರಗತಿಗಳು ಆಗಲೇ ಶುರುವಾಗಿದ್ದವು. ಹಕ್ಕು ಗೆದ್ದಿತು, ಹಕ್ಕನ್ನು ಕೇಳಿದವರು ಹೊರಗುಳಿದರು. ಮರುವರ್ಷವೇ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು 14ರ ವಯಸ್ಸಿಗೆ ಸೀಮಿತಗೊಳಿಸಿ, ಅದರ ಮೇಲಿನ ಓದು ರಾಜ್ಯದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. ಕಾಲೇಜು ಯಾರ ಹೊಣೆ ಎಂಬ ಪ್ರಶ್ನೆ ಅಂದು ಹಾಗೆಯೇ ಉಳಿಯಿತು, ಇಂದಿಗೂ ಉಳಿದಿದೆ.

ಉನ್ನಿಕೃಷ್ಣನ್ ತೀರ್ಪಿನಿಂದಲೇ ನಮ್ಮ ನೆನಪಿನ ಇನ್ನೊಂದು ಕಾಲ ತೆರೆಯಿತು: ಫ್ರೀ ಸೀಟು, ಪೇಮೆಂಟ್ ಸೀಟು, 1994ರಿಂದ ಸಿಇಟಿ. ಖಾಸಗಿ ವೃತ್ತಿಪರ ಕಾಲೇಜುಗಳಲ್ಲಿ ಅರ್ಧ ಸೀಟು ಸರ್ಕಾರಿ ಶುಲ್ಕಕ್ಕೆ, ಉಳಿದರ್ಧ ಹೆಚ್ಚು ಶುಲ್ಕಕ್ಕೆ. ಪೇಮೆಂಟ್ ಸೀಟಿನವರ ಹಣದಿಂದ ಫ್ರೀ ಸೀಟಿನವರ ಓದು ನಡೆಯಬೇಕು. ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕೂತ ತಂದೆ ತಾಯಿಯರಿಗೆ ಕೊನೆಗೂ ಒಂದು ವಿಷಯದ ನೆಮ್ಮದಿಯಿತ್ತು. ಯಾರ ಮನೆಯ ಬಾಗಿಲಿಗೂ ಹೋಗಿ ಕೈಮುಗಿಯಬೇಕಿರಲಿಲ್ಲ, ರ‍್ಯಾಂಕೇ ಮಾತಾಡುತ್ತಿತ್ತು. ಕೂಲಿಕಾರರ, ಸಣ್ಣ ರೈತರ, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ಮಕ್ಕಳು ಆ ಹತ್ತು ವರ್ಷಗಳಲ್ಲಿ ಎಂಜಿನಿಯರುಗಳಾದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಬೆಳೆದದ್ದು ಹೇಗೆಂಬ ಕಥೆಗಳಲ್ಲಿ ಉದ್ಯಮಿಗಳ ಸಾಹಸ ಬರುತ್ತದೆ. ಅಗ್ಗದ ಶುಲ್ಕದಲ್ಲಿ ಓದಿ ಬಂದ ಈ ಮಕ್ಕಳ ಪಾಲು ಅಷ್ಟಾಗಿ ಬರುವುದಿಲ್ಲ. ಆ ನಗರದ ತೆರಿಗೆಯ ದೊಡ್ಡ ಭಾಗ ಇಂತಹವರ ಸಂಬಳದಿಂದಲೂ ಬರುತ್ತಿದೆ ಎಂಬುದನ್ನು ಉಚಿತ ಶಿಕ್ಷಣವನ್ನು ಬರಿಯ ಖರ್ಚಿನ ಬಾಬ್ತಿಗೆ ಬರೆಯುವವರು ಮರೆಯಬಾರದು.

2002ರ ಅಕ್ಟೋಬರಿನಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಏರ್ಪಾಡನ್ನು ಮುರಿಯಿತು. ಅದರ ಕಾರಣಗಳಲ್ಲಿ ಒಂದನ್ನು ಉಚಿತ ಶಿಕ್ಷಣದ ಪರ ವಾದಿಸುವ ಯಾರೂ ತಪ್ಪಿಸಿಕೊಳ್ಳಲಾಗದು. ಫ್ರೀ ಸೀಟುಗಳಲ್ಲಿ ಹೆಚ್ಚಿನವು ಅನುಕೂಲಸ್ಥರ ಮಕ್ಕಳಿಗೆ ಹೋಗುತ್ತಿವೆ, ಏಕೆಂದರೆ ಒಳ್ಳೆಯ ಶಾಲೆ, ಟ್ಯೂಷನ್ ಪಡೆದು ಪರೀಕ್ಷೆಯಲ್ಲಿ ಮೇಲೆ ಬರುವವರು ಅವರೇ. ಅಷ್ಟು ಅನುಕೂಲವಿಲ್ಲದವರು ಹೆಚ್ಚು ಹಣ ಕೊಟ್ಟು ಪೇಮೆಂಟ್ ಸೀಟು ಹಿಡಿಯುತ್ತಿದ್ದಾರೆ ಎಂದು ನ್ಯಾಯಾಲಯ ಹೇಳಿತು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದರಿಂದ ತೆಗೆದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಕೊರತೆ ಇದ್ದದ್ದು ಸೀಟಿನಲ್ಲಿ ಮತ್ತು ಹಳ್ಳಿಯ ಪ್ರೌಢಶಾಲೆಯಲ್ಲಿ. ಫ್ರೀ ಸೀಟು ಸಾಲದಿದ್ದಾಗ ಅದು ಬಲವಿದ್ದವರ ಪಾಲಾಗುತ್ತದೆ. ಪರಿಹಾರ ಇನ್ನಷ್ಟು ಸರ್ಕಾರಿ ಸೀಟು, ಮೀಸಲಾತಿಯ ಸರಿಯಾದ ಪಾಲನೆ, ಹಳ್ಳಿಯ ಶಾಲೆಗೆ ಒಳ್ಳೆಯ ಗಣಿತದ ಮೇಷ್ಟ್ರು. ನಡೆದದ್ದು ಬೇರೆ. ಸೀಟುಗಳು ಹೆಚ್ಚಿದವು ನಿಜ, ಆದರೆ ಖಾಸಗಿಯಲ್ಲಿ ಹೆಚ್ಚಿದವು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ನಾಲ್ಕು ಕಾಲೇಜುಗಳಲ್ಲಿ ಮೂರಕ್ಕೂ ಹೆಚ್ಚು ಖಾಸಗಿಯವು. ಯುವಜನರ ಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಕಾಲೇಜುಗಳಿರುವ ರಾಜ್ಯ ಕರ್ನಾಟಕ, ಲಕ್ಷಕ್ಕೆ 66. ಸಂಖ್ಯೆ ಕೇಳಿ ಹೆಮ್ಮೆಪಡುವ ಮುಂಚೆ ಆ ಸೀಟುಗಳಿಗೆ ಹಣ ಎಲ್ಲಿಂದ ಬಂತು ಎಂದು ಕೇಳಬೇಕು.

ಬ್ಯಾಂಕಿನಿಂದ ಬಂತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷರ ನೇತೃತ್ವದ ಸಮಿತಿ ರೂಪಿಸಿದ ಮಾದರಿ ವಿದ್ಯಾಸಾಲ ಯೋಜನೆ 2001ರಲ್ಲಿ ದೇಶದ ಎಲ್ಲ ಬ್ಯಾಂಕುಗಳಿಗೂ ಬಂತು. ನಾಲ್ಕು ಲಕ್ಷದವರೆಗೆ ಅಡಮಾನ ಬೇಡ, ದೇಶದೊಳಗಿನ ಓದಿಗೆ ಏಳೂವರೆ ಲಕ್ಷದವರೆಗೆ ಸಾಲ, ಕೋರ್ಸ್ ಮುಗಿದ ಒಂದು ವರ್ಷಕ್ಕೆ ಅಥವಾ ಕೆಲಸ ಸಿಕ್ಕ ಆರು ತಿಂಗಳಿಗೆ ಕಂತು ಶುರು. ಯೋಜನೆ ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು, ಲೇವಾದೇವಿಯವನ ಬಡ್ಡಿಗಿಂತ ಇದು ಎಷ್ಟೋ ಮೇಲು ಎಂಬುದೂ ಸತ್ಯ. ಆದರೆ ಇದರ ಫಲ ಇನ್ನೊಂದಾಯಿತು. ಹಿಂದೆ ಹೊಲ ಮಾರಿ ತಂದ ಹಣಕ್ಕೆ ಹೊಲದಷ್ಟೇ ಮಿತಿ ಇತ್ತು. ಸಾಲ ಸಿಗುತ್ತದೆಂದು ಗೊತ್ತಾದ ಮೇಲೆ ಶುಲ್ಕಕ್ಕೆ ಆ ಮಿತಿ ಹೋಯಿತು. ಕೋರ್ಸಿನ ಗುಣಮಟ್ಟ, ಆಮೇಲೆ ಸಿಗುವ ಸಂಬಳ ಯಾವುದರ ಹೊಣೆಯೂ ಕಾಲೇಜಿಗಿಲ್ಲ. ಹಣ ಮೊದಲೇ ಕೈಸೇರಿರುತ್ತದೆ. ಬ್ಯಾಂಕಿಗೂ ಜಾಮೀನುದಾರರಾಗಿ ತಂದೆ ಇದ್ದಾರೆ. ನಷ್ಟವಾಗುವುದಾದರೆ ಅದು ಹದಿನೆಂಟರ ಹರೆಯದಲ್ಲಿ ಸಹಿ ಹಾಕಿದ ಹುಡುಗಿಗೆ ಮಾತ್ರ. ಸರ್ಕಾರ ಮುಂದೆ ಕೊಟ್ಟ ನೆರವೂ ಓರೆಯಾಗಿಯೇ ಬಂತು. ಆದಾಯ ತೆರಿಗೆಯ 80ಇ ಕಲಂ ವಿದ್ಯಾಸಾಲದ ಬಡ್ಡಿಗೆ ವಿನಾಯಿತಿ ಕೊಟ್ಟಿತು, ಆದರೆ ತೆರಿಗೆ ಕಟ್ಟುವಷ್ಟು ಸಂಪಾದಿಸುವವರಿಗೆ. 2009ರ ಬಡ್ಡಿ ಸಹಾಯಧನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ವರಮಾನದ ಮನೆಗಳಿಗೆ ತಲುಪಿತು, ಆದರೆ ಕಂತು ಶುರುವಾಗುವವರೆಗಿನ ಬಡ್ಡಿಗೆ ಮಾತ್ರ. ಆಮೇಲೂ ಕೆಲಸ ಸಿಗದೆ ಕೂತ ವರ್ಷಗಳು, ಕಷ್ಟ ನಿಜವಾಗಿ ಬರುವ ವರ್ಷಗಳು, ಎರಡರಿಂದಲೂ ಹೊರಗುಳಿದವು.

ಇದರ ಪರಿಣಾಮವನ್ನು ನರ್ಸಿಂಗ್ ಕಾಲೇಜುಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಲ್ಲ. ಎರಡು ಸಾವಿರದ ಈಚಿನ ಮೊದಲ ವರ್ಷಗಳಲ್ಲಿ ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ಕೇರಳದ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು, ಬಹುಪಾಲು ವಿದ್ಯಾಸಾಲದ ಬಲದಿಂದ. ವಿದೇಶದ ಕೆಲಸದ ಆಸೆಯಿಂದ ಓದಿದವರಲ್ಲಿ ಅನೇಕರಿಗೆ ಸಿಕ್ಕದ್ದು ಖಾಸಗಿ ಆಸ್ಪತ್ರೆಗಳ ಸಣ್ಣ ಸಂಬಳ. ಆ ಸಂಬಳದಲ್ಲಿ ಕಂತು ಕಟ್ಟಿದರೆ ಹಾಸ್ಟೆಲ್ ಬಾಡಿಗೆಗೆ ಉಳಿಯುತ್ತಿರಲಿಲ್ಲ. ಕೊನೆಗೆ ಕೇರಳ ಸರ್ಕಾರ 2017ರಲ್ಲಿ 900 ಕೋಟಿ ರೂಪಾಯಿಯ ವಿದ್ಯಾಸಾಲ ಮರುಪಾವತಿ ನೆರವಿನ ಯೋಜನೆ ತಂದಿತು. ಆ ಯೋಜನೆಯ ರೀತಿ ನನಗೆ ಮೆಚ್ಚುಗೆಯಾದದ್ದು. ವರ್ಷಕ್ಕೆ ಆರು ಲಕ್ಷದೊಳಗಿನ ವರಮಾನದ ಮನೆಗಳು, ಒಂಬತ್ತು ಲಕ್ಷದೊಳಗಿನ ಸಾಲ. ಸುಸ್ತಿಯಾಗದ ಸಾಲಕ್ಕೆ ಮೊದಲ ವರ್ಷದ ಕಂತಿನ ಶೇ. 90, ಎರಡನೇ ವರ್ಷ ಶೇ. 75, ಮೂರನೇ ವರ್ಷ ಅರ್ಧ, ನಾಲ್ಕನೇ ವರ್ಷ ಕಾಲುಭಾಗ ಸರ್ಕಾರದ್ದು. ಬದುಕು ಹತ್ತಿಕೊಳ್ಳುವವರೆಗೆ ಜೊತೆ ನಡೆದು, ಆಮೇಲೆ ಕೈಬಿಡುವ ರೀತಿ ಇದು. ಎಲ್ಲರ ಸಾಲವನ್ನೂ ಒಮ್ಮೆಗೇ ಅಳಿಸುವ ಘೋಷಣೆಗಿಂತ ಇದು ನ್ಯಾಯಕ್ಕೆ ಹತ್ತಿರ. ಆದರೆ ಮುಂದಿನ ವರ್ಷ ಅದೇ ಕಾಲೇಜಿಗೆ, ಅದೇ ಶುಲ್ಕಕ್ಕೆ, ಅದೇ ಸಾಲದೊಂದಿಗೆ ಇನ್ನೊಂದು ತಂಡ ಸೇರುವುದನ್ನು ಈ ಯೋಜನೆಗೂ ತಡೆಯಲಾಗುವುದಿಲ್ಲ.

ರೈತರ ಸಾಲ ಮನ್ನಾವನ್ನು ನಮ್ಮ ರಾಜ್ಯ ಹತ್ತಿರದಿಂದ ಕಂಡಿದೆ: 1990ರಲ್ಲಿ ಕೇಂದ್ರದ್ದು, 2008ರಲ್ಲಿ ಮತ್ತೆ ಕೇಂದ್ರದ್ದು, 2017 ಮತ್ತು 2018ರಲ್ಲಿ ರಾಜ್ಯದ್ದು. ಆ ಮನ್ನಾಗಳಿಂದ ನೆಮ್ಮದಿ ಕಂಡ ಕುಟುಂಬಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಖಾತೆ ಇಲ್ಲದ ಗೇಣಿದಾರರಿಗೆ, ಊರ ಸಾಹುಕಾರರಿಂದ ಕೈಸಾಲ ತಂದವರಿಗೆ ಅದು ಮುಟ್ಟಲಿಲ್ಲ. ಬೆಳೆಯ ಬೆಲೆ, ಬೋರ್‌ವೆಲ್ಲಿನ ಖರ್ಚು ಹಾಗೇ ಇದ್ದುದರಿಂದ ಸಾಲ ಮತ್ತೆ ಹುಟ್ಟಿತು. ವಿದ್ಯಾಸಾಲದ ವಿಷಯದಲ್ಲಿ ಈ ಎರಡು ದೋಷಗಳೂ ಇನ್ನಷ್ಟು ಹಿಗ್ಗುತ್ತವೆ. ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯವಿಲ್ಲದೆ ಚಿನ್ನ ಅಡವಿಟ್ಟು ಓದಿಸಿದ ಮನೆಗೆ, ಶುಲ್ಕ ಕೇಳಿಯೇ ಓದು ಬಿಟ್ಟು ಗಾರ್ಮೆಂಟ್ಸ್ ಸೇರಿದ ಹುಡುಗಿಗೆ ಮನ್ನಾದಿಂದ ಒಂದು ಪೈಸೆಯೂ ಸಿಗುವುದಿಲ್ಲ. ಹೆಚ್ಚು ಸಾಲ ಸಿಕ್ಕವರಿಗೆ ಹೆಚ್ಚು ಲಾಭ. ಶುಲ್ಕ ಏರಿಸಿದ ಕಾಲೇಜಿಗೆ ಸರ್ಕಾರವೇ ಹಿಂದಿನಿಂದ ಹಣ ತುಂಬಿಕೊಟ್ಟಂತೆ ಆಗುತ್ತದೆ. ಮನ್ನಾ ಒಂದನ್ನೇ ಕೇಳುವವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರ ಬೇಡಿಕೆ ಅರ್ಧಕ್ಕೇ ನಿಂತಿದೆ.

ಅಮೆರಿಕದ ಕಥೆಯೂ ಇದನ್ನೇ ಹೇಳುತ್ತದೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ 1976ರವರೆಗೂ ಬೋಧನಾ ಶುಲ್ಕವಿರಲಿಲ್ಲ; ನಗರ ದಿವಾಳಿಯ ಅಂಚಿಗೆ ಬಂದಾಗ ಅದು ಶುರುವಾಯಿತು, ಮತ್ತೆ ಹೋಗಲಿಲ್ಲ. ಈಗ ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರ ಹೆಗಲ ಮೇಲೆ ಒಂದೂವರೆ ಲಕ್ಷ ಕೋಟಿ ಡಾಲರಿಗೂ ಮೀರಿದ ವಿದ್ಯಾಸಾಲವಿದೆ. ದಿವಾಳಿ ಅರ್ಜಿ ಹಾಕಿದರೂ ಸುಲಭಕ್ಕೆ ಕಳಚಿಕೊಳ್ಳದ ಸಾಲ ಅದು. 2022ರ ಆಗಸ್ಟಿನಲ್ಲಿ ಅಧ್ಯಕ್ಷ ಬೈಡನ್ ಹತ್ತು ಸಾವಿರ ಡಾಲರಿನವರೆಗೆ, ಬಡ ಕುಟುಂಬಗಳಿಂದ ಬಂದು ಪೆಲ್ ಅನುದಾನ ಪಡೆದವರಿಗೆ ಇಪ್ಪತ್ತು ಸಾವಿರದವರೆಗೆ ಮನ್ನಾ ಘೋಷಿಸಿದರು. ಮರುವರ್ಷದ ಜೂನ್ ಕೊನೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮನ್ನಾ ಒಂದು ಆದೇಶದ ಮೇಲೆ ನಿಂತಿತ್ತು, ಒಂದು ತೀರ್ಪಿನಿಂದ ಬಿತ್ತು. ಜರ್ಮನಿಯ ಕೆಲವು ರಾಜ್ಯಗಳು ಎರಡು ಸಾವಿರದ ದಶಕದಲ್ಲಿ ಶುಲ್ಕ ಹಾಕಿ ನೋಡಿ, ಜನರ ವಿರೋಧದ ಮುಂದೆ ಒಂದೊಂದಾಗಿ ಹಿಂತೆಗೆದುಕೊಂಡವು. 2014ರ ಹೊತ್ತಿಗೆ ಅಲ್ಲಿ ಮತ್ತೆ ಶುಲ್ಕವಿಲ್ಲದ ಓದು ನೆಲೆಯಾಯಿತು. ಕರ್ನಾಟಕದ ಅನೇಕ ಮಧ್ಯಮ ವರ್ಗದ ಮನೆಗಳು ಈಗ ಮಕ್ಕಳನ್ನು ಜರ್ಮನಿಗೆ ಕಳಿಸಲು ಹವಣಿಸುತ್ತಿರುವುದಕ್ಕೆ ಒಂದು ಕಾರಣ ಇದೇ. ಮನೆಯ ಹತ್ತಿರ ಸಿಗದ ಅಗ್ಗದ ಓದನ್ನು ನಮ್ಮವರು ಇನ್ನೊಂದು ದೇಶದ ತೆರಿಗೆಯಲ್ಲಿ ಹುಡುಕುತ್ತಿದ್ದಾರೆ.

ಉಚಿತ ಕಾಲೇಜಿನ ವಿರುದ್ಧ ಗಟ್ಟಿಯಾದ ಆಕ್ಷೇಪ ಒಂದಿದೆ: ಕಾಲೇಜು ಕಾಣದ ಆಟೋ ಚಾಲಕನ ತೆರಿಗೆಯಲ್ಲಿ ನಾಳಿನ ವೈದ್ಯನನ್ನು ಏಕೆ ಓದಿಸಬೇಕು? ಬೆಂಕಿಪೊಟ್ಟಣದಿಂದ ಮೊಬೈಲ್ ರೀಚಾರ್ಜಿನವರೆಗೆ ಆ ಚಾಲಕ ತೆರಿಗೆ ಕಟ್ಟುತ್ತಿರುವುದು ನಿಜ. ಹಾಗೆ ಕಟ್ಟಿಯೂ ಅವನ ಮಗಳಿಗೆ ಸೀಟು ಕೊಳ್ಳಲಾಗುತ್ತಿಲ್ಲ ಎಂಬುದೇ ಈಗಿನ ಅನ್ಯಾಯ. ಮಗಳಿಗೆ ಆ ಕಾಲೇಜಿನ ಬಾಗಿಲು ತೆರೆದರೆ ತೆರಿಗೆಯ ಒಂದು ಪಾಲು ಅವನ ಮನೆಗೇ ಮರಳುತ್ತದೆ. ಅನುಕೂಲಸ್ಥರ ಮಕ್ಕಳೂ ಉಚಿತವಾಗಿ ಓದುತ್ತಾರೆ ಎಂದರೆ, ಓದಲಿ. ಅವರಿಂದ ಪಡೆಯಬೇಕಾದ್ದನ್ನು ಮುಂದೆ ಅವರು ಗಳಿಸುವಾಗ ಆದಾಯ ತೆರಿಗೆಯಲ್ಲಿ ಪಡೆಯುವುದು ಪ್ರವೇಶದ ದಿನ ಶುಲ್ಕದಲ್ಲಿ ಪಡೆಯುವುದಕ್ಕಿಂತ ನ್ಯಾಯವಾದದ್ದು. ವರಮಾನ ಪ್ರಮಾಣಪತ್ರ ಹಿಡಿದು ನಾಡಕಚೇರಿಯ ಮುಂದೆ ನಿಲ್ಲುವ ಕಷ್ಟ ಎಂತಹದೆಂದು ನಮಗೆ ಗೊತ್ತು. ನಿಜವಾದ ಬಡವರೇ ಆ ಕಾಗದದಲ್ಲಿ ಸೋಲುತ್ತಾರೆ. ಎಲ್ಲರಿಗೂ ಒಂದೇ ಎಂದಾಗ ಆ ಕಾಗದವೇ ಬೇಡ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಅನುಕೂಲಸ್ಥರ ಮಕ್ಕಳಿರುವ ಕಾಲೇಜಿನ ಶೌಚಾಲಯ ಕೆಟ್ಟರೆ, ಪ್ರಾಧ್ಯಾಪಕರು ಬಾರದಿದ್ದರೆ, ಕೇಳುವ ದನಿ ಏಳುತ್ತದೆ.

ಗುಣಮಟ್ಟದ ಆಕ್ಷೇಪಕ್ಕೆ ನನ್ನ ಬಳಿ ಇಷ್ಟು ಸುಲಭದ ಉತ್ತರವಿಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ವರ್ಷ ವರ್ಷವೂ ನೇಮಕದ ಆದೇಶಕ್ಕಾಗಿ ಕಾದು, ಸಂಬಳಕ್ಕಾಗಿ ಧರಣಿ ಕೂತು, ಮತ್ತೆ ತರಗತಿಗೆ ಹೋಗಿ ಪಾಠ ಮಾಡುವವರು ಅವರು. ಇಂತಹ ಕಾಲೇಜಿನ ಶುಲ್ಕವನ್ನು ಸೊನ್ನೆಗಿಳಿಸಿ ಕೈತೊಳೆದುಕೊಂಡರೆ ಅದು ಮಕ್ಕಳಿಗೆ ಮಾಡಿದ ವಂಚನೆ. ಆ ಕಾಲೇಜುಗಳಲ್ಲಿ ಶುಲ್ಕ ಈಗಾಗಲೇ ಕಡಿಮೆ. ವಿದ್ಯಾರ್ಥಿಗೆ ಭಾರವಾಗಿರುವುದು ಊಟ, ಬಾಡಿಗೆ, ಬಸ್ಸು ಮತ್ತು ದುಡಿಯದೆ ಕಳೆದ ಮೂರು ವರ್ಷ. ಆದ್ದರಿಂದ ಉಚಿತ ಎಂದರೆ ನನ್ನ ಮಟ್ಟಿಗೆ ಖಾಯಂ ಅಧ್ಯಾಪಕರು, ಪ್ರತಿ ತಾಲ್ಲೂಕಿನಲ್ಲೂ ಹೆಣ್ಣುಮಕ್ಕಳಿಗೆ ಸಾಕಾಗುವಷ್ಟು ಹಾಸ್ಟೆಲ್, ಮತ್ತು ನರ್ಸಿಂಗ್, ಎಂಜಿನಿಯರಿಂಗ್, ವೈದ್ಯಕೀಯದಲ್ಲಿ ಹೊಸ ಸರ್ಕಾರಿ ಸೀಟು. ಇದಕ್ಕೆ ದೊಡ್ಡ ಹಣ ಬೇಕು. ರಾಷ್ಟ್ರೀಯ ಉತ್ಪನ್ನದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತ್ತು. 2020ರ ಶಿಕ್ಷಣ ನೀತಿ ಅದೇ ಅಂಕಿಯನ್ನು ಮತ್ತೆ ಬರೆಯಿತು. ಅರ್ಧ ಶತಮಾನ ದಾಟಿದರೂ ನಾವು ಆ ಅಂಕಿಯನ್ನು ತಲುಪಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದ ಆಯ್ದ (ಆರಂಭದಲ್ಲಿ 860) ಸಂಸ್ಥೆಗಳಲ್ಲಿ ಓದುವವರಿಗೆ ಜಾಮೀನಿಲ್ಲದ ಸಾಲವನ್ನು ಇನ್ನಷ್ಟು ಸರಾಗ ಮಾಡಿದೆ. ಸಾಲ ಸರಾಗವಾದಷ್ಟೂ ಸೀಟು ಕಟ್ಟುವ ಒತ್ತಡ ಸರ್ಕಾರದ ಮೇಲೆ ಕಡಿಮೆಯಾಗುತ್ತದೆ ಎಂಬುದೇ ನನ್ನ ಭಯ.

ಇನ್ನು ಸಾಲ ತೀರಿಸಿ ಮುಗಿಸಿದವರ ಪ್ರಶ್ನೆ. ಮದುವೆ ಮುಂದೂಡಿ, ಇಷ್ಟವಿಲ್ಲದ ಕೆಲಸದಲ್ಲಿ ಉಳಿದು, ತಿಂಗಳು ತಿಂಗಳೂ ಕಂತು ಕಟ್ಟಿದವರು ನಮಗೇನು ಸಿಕ್ಕಿತು ಎಂದು ಕೇಳಿದರೆ ಅದು ಹೊಟ್ಟೆಕಿಚ್ಚಲ್ಲ, ನ್ಯಾಯವಾದ ಪ್ರಶ್ನೆ. ಎಲ್ಲರ ಸಾಲವನ್ನೂ ಒಮ್ಮೆಗೇ ಅಳಿಸಿದರೆ ಅದಕ್ಕೆ ಉತ್ತರವಿರುವುದಿಲ್ಲ. ಕೇರಳದ ರೀತಿಯಲ್ಲಿ, ಕಡಿಮೆ ವರಮಾನದವರಿಗೆ, ಕೆಲಸ ಸಿಗದವರಿಗೆ, ಓದಿದ ಕಾಲೇಜು ಮಾನ್ಯತೆ ಕಳೆದುಕೊಂಡು ಪದವಿಯೇ ಬೆಲೆಯಿಲ್ಲದಾದವರಿಗೆ, ದುಡಿಯುವ ಮಗ ಅಥವಾ ಮಗಳು ತೀರಿಹೋಗಿ ಜಾಮೀನಿನ ಸಹಿಗಾಗಿ ಬ್ಯಾಂಕು ಹುಡುಕಿ ಬರುವ ತಂದೆ ತಾಯಿಗೆ ಕೊಟ್ಟರೆ ಉತ್ತರವಿದೆ: ಇವರು ತೀರಿಸುವ ದಾರಿ ಇಲ್ಲದವರು. ತೀರಿಸಿ ಮುಗಿಸಿದವರಿಗೆ ಕೊಡಬಹುದಾದದ್ದು ಬೇರೆ ಇದೆ. ಅವರ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಆ ಮಕ್ಕಳು ಪಿಯುಸಿ ದಾಟುವ ಹೊತ್ತಿಗೆ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಸೀಟು, ಅಧ್ಯಾಪಕರು, ಹಾಸ್ಟೆಲ್ಲಿನ ಹಾಸಿಗೆ ಇದ್ದರೆ ಅವರು ಎರಡನೇ ಸಲ ಸಾಲದ ಪತ್ರಕ್ಕೆ ಸಹಿ ಹಾಕಬೇಕಿಲ್ಲ. ಇದಕ್ಕೆ ಐದಾರು ವರ್ಷ ಸಮಯವಿದೆ, ಮತ್ತು ಕೆಲಸ ಅಧ್ಯಾಪಕರ ನೇಮಕಾತಿಯಿಂದ ಶುರುವಾಗಬೇಕು.